ಚೊಗರು ಕುಡಿದ ಬೂಟು

ಹೋದ ತಿಂಗಳು ಹೆಜಮಾಡಿಯ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ, ಗಾಳಿಗೆಂದು ಕಡಲ ಕಡೆಗೆ ನಡೆದರೆ ತೆಂಗಿನ ಬುಡದಲ್ಲಿ ಒಬ್ಬ ಮುದುಕ ಹಂಡೆಯಲ್ಲಿ ಮರದ ತೊಗಟೆ ಬೇಯಿಸುತ್ತಾ ಕೂತಿದ್ದ. ಈ ಕಾಲದಲ್ಲಿ ಬಲೆಗೆ ಚೊಗರು ಹಾಕುವವರು ಯಾರಿದ್ದಾರೆ? ಎಲ್ಲರದೂ ನೈಲಾನು. "ಎಂತಕ್ಕೆ ಇದೆಲ್ಲ?" ಎಂದು ಕೇಳಿದೆ. "ಅಪ್ಪನ ಕಾಲದ ನೂಲಿನ ಬಲೆಯೊಂದು ಉಂಟು ಅಮ್ಮ, ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ" ಎಂದ. ಅಷ್ಟರಲ್ಲಿ ಗಾಳಿ ತಿರುಗಿ ಆ ಹಬೆ ನನ್ನ ಮುಖಕ್ಕೇ ಬಂತು. ಉಂಡದ್ದೆಲ್ಲ ಅಲ್ಲೇ ಕಕ್ಕಿಬಿಟ್ಟೆ. ಜೊತೆಗಿದ್ದ ಪಕ್ಕದ ಮನೆಯ ಹುಡುಗಿ, "ಪಾಯಸ ಜಾಸ್ತಿ ಆಯ್ತು ಅಲ್ವಾ ಟೀಚರ್?" ಎಂದು ಬೆನ್ನು ಸವರಿದಳು. ಪಾಪ, ಪಾಯಸ ಎಂತ ಮಾಡಿತ್ತು!

ಚೊಗರು ಎಂದರೆ ತೊಗಟೆ ಬೇಯಿಸಿದ ಕೆಂಪು ನೀರು. ನೂಲಿನ ಬಲೆ ಉಪ್ಪುನೀರಿಗೆ ಕೊಳೆಯದಿರಲಿ ಎಂದು ಅದನ್ನು ಕುದಿಯುವ ಚೊಗರಿನಲ್ಲಿ ಅದ್ದಿ, ಸುಡುವ ಮರಳಿನ ಮೇಲೆ ಹರಡಿ ಒಣಗಿಸುತ್ತಿದ್ದರು. ನನ್ನ ಬಾಲ್ಯವೆಲ್ಲ ಆ ವಾಸನೆಯಲ್ಲೇ ಕಳೆದಿದೆ. ಒಂದು ಕಾಲಕ್ಕೆ ನನಗದು ಅನ್ನ ಬೇಯುವ ವಾಸನೆಯಷ್ಟೇ ಹಿತವಾಗಿತ್ತು. ಸಿಲೋನಿನವರು, ಅಂದರೆ ಈಗಿನ ಶ್ರೀಲಂಕಾದವರು, ಉಡುಪಿಗೆ ಫುಟ್‌ಬಾಲ್ ಆಡಲು ಬಂದ ವರ್ಷದಿಂದ ಅದನ್ನು ಕಂಡರೆ ನನಗಾಗುವುದಿಲ್ಲ.

ಐವತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಕಾಪುವಿನ ಕಡಲ ದಡದಲ್ಲಿ. ನಾನು ಅಲ್ಲಿಯ ಪ್ರಾಥಮಿಕ ಶಾಲೆಗೆ ಟೀಚರಾಗಿ ಸೇರಿ ಸ್ವಲ್ಪವೇ ಸಮಯವಾಗಿತ್ತು. ಅಮ್ಮ ತೀರಿಹೋಗಿದ್ದರು. ಮನೆಯಲ್ಲಿ ಅಪ್ಪ, ನಾನು, ನನ್ನ ತಮ್ಮ ಶೀನ. ಅಪ್ಪ ನಮ್ಮ ಕೇರಿಯ ಗುರಿಕಾರರು, ಅಂದರೆ ಹಿರಿಯರು. ಕೇರಿಯ ರಂಪಣಿ ಅವರ ಮಾತಿನಂತೆ ನಡೆಯುತ್ತಿತ್ತು. ರಂಪಣಿ ಎಂದರೆ ದಡದಿಂದ ಬಿಟ್ಟು ದಡಕ್ಕೇ ಎಳೆಯುವ ಭಾರೀ ಬಲೆ, ಕೇರಿಯ ಗಂಡಸರೆಲ್ಲ ಹಗ್ಗ ಹಿಡಿದರೇ ಅದು ಮೇಲೆ ಬರುವುದು. ಅಪ್ಪ ಮಾತು ಕಡಿಮೆ, ಕಟ್ಟುನಿಟ್ಟು ಹೆಚ್ಚು. ಜಗಳವಾಡಿದವರು ಅಪ್ಪನ ತೀರ್ಪು ಕೇಳಿ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು.

ಶೀನನೋ, ಬಾಯಿ ಮುಚ್ಚಿದವನೇ ಅಲ್ಲ. ಹಗ್ಗ ಎಳೆಯುವಾಗಲೂ ಹಾಡು, ಉಣ್ಣುವಾಗಲೂ ಹಾಡು. ಅವನ ಪಾದ ನೋಡಬೇಕಿತ್ತು! ಮರಳಲ್ಲಿ ಊರಿ ಊರಿ ಬೆರಳುಗಳು ಅಗಲಕ್ಕೆ ಬಿಡಿಸಿಕೊಂಡು, ಹಿಮ್ಮಡಿ ಮರದ ಕೊರಡಿನಷ್ಟು ಗಟ್ಟಿ. ಆ ಪಾದದ ತುದಿಯಲ್ಲಿ ಚೆಂಡು ಸಾಕಿದ ಬೆಕ್ಕಿನ ಹಾಗೆ ಅವನ ಜೊತೆಗೇ ಓಡುತ್ತಿತ್ತು. ನಮ್ಮ ಶಾಲೆಯ ಹೆಡ್‌ಮಾಸ್ಟರು, ಕಲ್ಯಾಣಪುರದ ಕೊಂಕಣಿಯವರು, ಸಿಲ್ವೆಸ್ಟರ್ ಮಾಸ್ಟರು ಅಂತ, ಅವನನ್ನು ಕಡಲ ದಡದಲ್ಲಿ ನೋಡಿ ಹಿಡಿದುಕೊಂಡು ಹೋಗಿ ಉಡುಪಿಯ ಟೀಮಿಗೆ ಸೇರಿಸಿದ್ದರು.

ಆ ಪಂದ್ಯಾವಳಿಯ ಹುಚ್ಚು ಹಿಡಿದದ್ದು ಒಬ್ಬ ಸಾಹುಕಾರರಿಗೆ. ಸಂತೆಕಟ್ಟೆ ಕಡೆಯವರು, ಕೊಲಂಬೊದಲ್ಲಿ ಹೋಟೆಲು ಇಟ್ಟು ದೊಡ್ಡವರಾದವರು. ಸಿಲೋನಿನ ಕ್ಲಬ್ಬನ್ನು ಹುಟ್ಟೂರಿಗೆ ಕರೆತಂದು ಆಡಿಸಬೇಕೆಂದು ಅವರಿಗೆ ಆಸೆ. ಅಲ್ಲಿಯ ಎರಡು ಕ್ಲಬ್ಬು, ಇಲ್ಲಿಯ ಎರಡು. ಇಲ್ಲಿಯದರಲ್ಲಿ ಒಂದು ಮಂಗಳೂರಿನದು, ಇನ್ನೊಂದು ಉಡುಪಿ, ಕಾಪು, ಕಾರ್ಕಳದ ಹುಡುಗರನ್ನು ಕೂಡಿಸಿದ ನಮ್ಮದು. ಅಂಥದ್ದು ಅದಕ್ಕೆ ಮೊದಲು ನಡೆದದ್ದಿಲ್ಲ, ಆಮೇಲೂ ನಡೆಯಲಿಲ್ಲ. ಪುಣ್ಯ.

ಕೊಯ್ಲು ಮುಗಿದು ಕಡಿಯಾಳಿಯ ಆಚೆಯ ಗದ್ದೆಗಳು ಒಣಗಿದ್ದವು. ಬದು ಒಡೆದು, ಕೊಯ್ದ ಪೈರಿನ ಕೂಳೆ ತುಳಿದು ಮೈದಾನ ಮಾಡಿದರು. ಸಿಲೋನಿನವರನ್ನು ಮಣಿಪಾಲದಲ್ಲಿ ಇಳಿಸಿದರು. ಆಗ ಮಣಿಪಾಲವೆಂದರೆ ಬೋಳು ಗುಡ್ಡ, ಅಲ್ಲೊಂದು ಇಲ್ಲೊಂದು ಹೊಸ ಕಟ್ಟಡ. ಬೆಳಿಗ್ಗೆ ಅವರು ಗುಡ್ಡ ಇಳಿದು ಓಡುತ್ತಾ ಬರುವುದನ್ನು ನೋಡಲು ಜನ ದಾರಿಯ ಎರಡೂ ಬದಿ ನಿಲ್ಲುತ್ತಿದ್ದರು. ಎಲ್ಲರ ಕಾಲಲ್ಲೂ ಮಿರಿಮಿರಿ ಕರಿ ಬೂಟು. ನಮ್ಮ ಹುಡುಗರೆಲ್ಲ ಬರಿಗಾಲು.

ಸಿಲೋನಿನ ಎರಡು ಕ್ಲಬ್ಬು ತಮ್ಮೊಳಗೇ ಆಡಿ ಒಂದು ಫೈನಲಿಗೆ ಬಂತು. ಇತ್ತ ಮೊದಲ ಆಟದಲ್ಲಿ ನಮ್ಮವರು ಮಂಗಳೂರಿನವರನ್ನು ಹೊಡೆದರು. ಹೊಡೆದದ್ದು ಶೀನ. ಬೂಟು ಹಾಕಿದ ಮಂಗಳೂರಿನವರು ಕೂಳೆಯ ಮೇಲೆ ಜಾರಿ ಜಾರಿ ಬೀಳುತ್ತಿದ್ದರೆ ಇವನು ಅವರ ನಡುವೆ ನುಸುಳಿ ಎರಡು ಗೋಲು ಹಾಕಿದ. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಕೊಲಂಬೊ ಸಾಹುಕಾರರು ತಮ್ಮ ಕೈಯ ವಾಚು ಬಿಚ್ಚಿ ಅವನ ಕೈಗೆ ಕಟ್ಟಿದರು. ಬೊಂಬಾಯಿಯ ಒಂದು ಗಿರಣಿಯ ಟೀಮು ನೋಡಿಕೊಳ್ಳುವವರು, ನಮ್ಮ ಜಿಲ್ಲೆಯವರೇ, ರಜೆಯಲ್ಲಿ ಊರಿಗೆ ಬಂದಿದ್ದರು. ಅವರು ಶೀನನ ಬೆನ್ನು ತಟ್ಟಿ, "ಫೈನಲಿನಲ್ಲೂ ಹೀಗೇ ಆಡು. ನಾನೇ ನಿನ್ನನ್ನು ಬೊಂಬಾಯಿಗೆ ಕರ್ಕೊಂಡು ಹೋಗ್ತೇನೆ. ಗಿರಣಿಯಲ್ಲಿ ಕೆಲಸ, ಸಂಜೆ ಆಟ" ಎಂದರು.

ಆ ಸಂಜೆ ಶೀನ ಮನೆಗೆ ನಡೆದು ಬರಲಿಲ್ಲ, ಹಾರಿ ಬಂದ. ಅಪ್ಪ ಜಗಲಿಯ ಕಟ್ಟೆಯ ಮೇಲೆ ಕೂತು ಬಲೆಯ ಹರಿದ ಕಣ್ಣು ಸರಿ ಮಾಡುತ್ತಿದ್ದರು.

"ಅಪ್ಪ, ಬೊಂಬಾಯಿ!" ಎಂದ.

"ಅಲ್ಲಿ ಕಡಲು ಇಲ್ವಾ?" ಎಂದರು ಅಪ್ಪ.

"ಉಂಟು. ಆದರೆ ನಾನು ಅದಕ್ಕೆ ಇಳಿಯಬೇಕಂತ ಇಲ್ಲ."

ಅಪ್ಪ ಬಲೆಗೆ ಇನ್ನೊಂದು ಗಂಟು ಹಾಕಿ, "ಕಾಲು ನಿನ್ನದು, ಹೋಗು" ಎಂದರು. ಅಷ್ಟೇ. ನನಗಂತೂ ಕಣ್ಣಲ್ಲಿ ನೀರು ಬಂತು. ಅಪ್ಪನ ಬಾಯಿಂದ ಅದಕ್ಕಿಂತ ದೊಡ್ಡ ಆಶೀರ್ವಾದ ನಾನು ಕೇಳಿದ್ದಿಲ್ಲ. ಮಾರನೆಯ ದಿನ ಅಪ್ಪ ಪೇಟೆಗೆ ಹೋದವರು, ನಾಲ್ಕು ಜನರ ಎದುರು ಬೇಕೆಂದೇ ಫುಟ್‌ಬಾಲಿನ ಮಾತು ತೆಗೆದರಂತೆ.

ಇನ್ನು ಬೂಟಿನ ಕತೆ. ಪಂದ್ಯಾವಳಿಯ ಕಮಿಟಿಗೆ ಅಧ್ಯಕ್ಷರು ಉಡುಪಿಯ ಒಬ್ಬ ವಕೀಲರು. ಹೆಸರು ಹೇಳುವುದಿಲ್ಲ, ಮೊಮ್ಮಕ್ಕಳು ಒಳ್ಳೆಯವರು. ಅವರಿಗೆ ನಮ್ಮ ಹುಡುಗರ ಬರಿಗಾಲು ಕಂಡು ಮೈ ಉರಿಯಿತು. ಫೈನಲಿಗೆ ಬೂಟು ಹಾಕದವನು ಗದ್ದೆಗೆ ಇಳಿಯಬಾರದು ಎಂದು ಅಪ್ಪಣೆ ಮಾಡಿದರು. ಸಿಲ್ವೆಸ್ಟರ್ ಮಾಸ್ಟರು, "ಇಷ್ಟು ದಿನ ಬರಿಗಾಲಲ್ಲೇ ಗೆದ್ದದ್ದು ಅಲ್ವಾ ವಕೀಲರೇ?" ಎಂದು ಕೇಳಿದರೆ, "ಪರದೇಶದವರ ಎದುರು ನಮ್ಮವರು ಕಾಡಿನಿಂದ ಬಂದವರ ಹಾಗೆ ಕಾಣಬೇಕಾ ಮಾಸ್ಟ್ರೇ? ಮರ್ಯಾದೆ ಅಂತ ಒಂದು ಉಂಟು" ಎಂದರಂತೆ. ಮರ್ಯಾದೆಯಂತೆ, ಮಣ್ಣಂತೆ! ಮೋಚಿಯನ್ನು ಕರೆಸಿ ಎಲ್ಲರ ಪಾದ ಅಳೆಸಿ ಬೂಟು ಹೊಲಿಸಿದರು. ಮೋಚಿ ಒಳ್ಳೆಯ ಕೆಲಸಗಾರ. ಶೀನನ ಆ ಅಗಲದ ಪಾದಕ್ಕೂ ಬೂಟು ಸರಿಯಾಗಿಯೇ ಬಂತು. ಅವನು ಅದನ್ನು ಹಾಕಿಕೊಂಡು ಅಂಗಳದಲ್ಲಿ ಬಾತುಕೋಳಿಯ ಹಾಗೆ ನಡೆದು ನಮ್ಮನ್ನು ನಗಿಸಿದ. ಅಪ್ಪನೂ ನಕ್ಕರು.

ಫೈನಲಿನ ಹಿಂದಿನ ದಿನ ಶೀನ ಬೆಳಗ್ಗೆಯೇ ಉಡುಪಿಗೆ ಹೋಗಿದ್ದ. ಆಟಕ್ಕೆ ಮೊದಲು ಹೊಸ ಬೂಟು ಮಾಸಬಾರದೆಂದು ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ. ನಾನು ಶಾಲೆಯಲ್ಲಿದ್ದೆ. ಅಪ್ಪ ಆ ದಿನ ಬಲೆಗೆ ಚೊಗರು ಹಾಕುತ್ತಿದ್ದರು. ಗದ್ದೆಯಲ್ಲಿ ಇಬ್ಬನಿ, ಮಣ್ಣಿನೊಳಗೆ ಇನ್ನೂ ಪಸೆ, ಮಗನ ಬೂಟು ಎರಡು ದಿನಕ್ಕೆ ಕೊಳೆತು ಹೋದೀತು ಎಂದು ಅವರಿಗೆ ತೋರಿತು. ನೀರು ತಾಗುವ ವಸ್ತುವಿಗೆ ಚೊಗರು ಕುಡಿಸಬೇಕು, ಇಷ್ಟೇ ಅವರಿಗೆ ಗೊತ್ತಿದ್ದದ್ದು. ಚೊಗರು ಕುಡಿದ ಬಲೆ ಅವರ ಕೈಯಲ್ಲಿ ವರ್ಷಗಟ್ಟಲೆ ಬಾಳಿತ್ತು. ಬೂಟು ಎರಡನ್ನೂ ಹಂಡೆಯಲ್ಲಿ ಮುಳುಗಿಸಿ, ಚೆನ್ನಾಗಿ ಕುದಿಸಿ, ಸುಡುವ ಮರಳಿನ ಮೇಲೆ ಇಟ್ಟರು. ಕಾಗೆ ಕಚ್ಚಿಕೊಂಡು ಹೋಗದ ಹಾಗೆ ಪಕ್ಕದಲ್ಲೇ ಕಾವಲು ಕೂತರು.

ಸಂಜೆ ನಾನು ಬಂದಾಗ ಅಪ್ಪ ಬೂಟನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಶೀನ ಬಂದ ಕೂಡಲೇ ಅವನ ಕೈಗೆ ಕೊಟ್ಟು, "ಚೊಗರು ಹಾಕಿದ್ದೇನೆ. ಇನ್ನು ಮಳೆಗಾಲ ಬಂದರೂ ಹೆದರಬೇಡ" ಎಂದರು. ನಾನು ಅಪ್ಪನ ಮುಖದಲ್ಲಿ ಅಂಥ ಸಂತೋಷ ಕಂಡದ್ದು ಕಡಿಮೆ. ಶೀನ ಬೂಟು ಹಿಡಿದು ನೋಡಿದ. ಬೆರಳಿನಿಂದ ಬಡಿದರೆ ತೆಂಗಿನ ಗೆರಟೆಯ ಹಾಗೆ ಟಕ್ ಎಂದಿತು. ಗಾತ್ರವೂ ಕುಗ್ಗಿತ್ತು.

"ಸರಿ ಉಂಟು ಅಪ್ಪ" ಎಂದ.

ಒಳಗೆ ಬಂದು ನನ್ನ ಎದುರು ಪಾದ ತುರುಕಿದರೆ ಅರ್ಧವೂ ಹೋಗಲಿಲ್ಲ. ನಾನು ಹಣೆ ಬಡಿದುಕೊಂಡೆ. ಅವನು ನನ್ನ ಬಾಯಿಗೆ ಕೈ ಅಡ್ಡ ಹಿಡಿದು, "ಅಪ್ಪನಿಗೆ ಹೇಳಬೇಡ ಅಕ್ಕ. ನಿನ್ನ ಕಾಲು ಹಿಡೀತೇನೆ" ಎಂದ. ತೆಂಗಿನೆಣ್ಣೆ ಹಾಕಿ ತಿಕ್ಕಿದೆವು, ಒನಕೆಯ ತುದಿ ತೂರಿಸಿ ಹಿಗ್ಗಿಸಲು ನೋಡಿದೆವು. ಒಮ್ಮೆ ಬೆಂದು ಒಣಗಿದ ಚರ್ಮ, ಎಂತ ಮಾಡಿದರೂ ಜಗ್ಗಲಿಲ್ಲ.

ಫೈನಲಿನ ದಿನ ಶೀನ ಬೂಟನ್ನು ಕೈಯಲ್ಲಿ ಹಿಡಿದು ವಕೀಲರ ಎದುರು ನಿಂತ. ನಾನು ಮತ್ತು ಸಿಲ್ವೆಸ್ಟರ್ ಮಾಸ್ಟರು ಅಲ್ಲೇ ಇದ್ದೆವು.

"ಸ್ವಾಮಿ, ಇದು ಸಣ್ಣದಾಗಿದೆ. ನಾನು ಬರಿಗಾಲಲ್ಲೇ ಆಡ್ತೇನೆ" ಎಂದ.

"ಮೊನ್ನೆ ಸರಿ ಇದ್ದ ಬೂಟು ಇವತ್ತು ಸಣ್ಣ ಆಯ್ತಾ? ನಿನ್ನ ಕಾಲು ರಾತ್ರಿ ಬೆಳೆಯಿತಾ?"

ಸುತ್ತಲಿನವರು ನಕ್ಕರು. "ಹಾಗಾದರೆ ಬದಿ ಸ್ವಲ್ಪ ಕೊಯ್ಯಲಿಕ್ಕಾದರೂ ಬಿಡಿ" ಎಂದು ಶೀನ ಕೈ ಮುಗಿದ. "ಕಮಿಟಿಯ ಸೊತ್ತಿಗೆ ಕತ್ತಿ ಹಾಕುತ್ತೀಯಾ? ಹಾಕಿಕೋ, ಇಲ್ಲದಿದ್ದರೆ ಮನೆಗೆ ಹೋಗು" ಎಂದರು ವಕೀಲರು. ಬೊಂಬಾಯಿಯವರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಶೀನ ಅವರ ಕಡೆ ಒಮ್ಮೆ ನೋಡಿದ. ನೆಲದ ಮೇಲೆ ಕೂತು, ಹಲ್ಲು ಕಚ್ಚಿ, ಬೆರಳುಗಳನ್ನು ಒಂದರ ಮೇಲೊಂದು ಮಡಚಿ ಪಾದವನ್ನು ಒಳಗೆ ನೂಕಿದ. ನೂಕಿ ಆದ ಮೇಲೆ ಅವನ ತುಟಿ ಬಿಳುಚಿತ್ತು.

ಅವನು ಕುಂಟುತ್ತಾ ಗದ್ದೆಗೆ ಇಳಿದದ್ದನ್ನು ಸಿಲೋನಿನ ಕ್ಯಾಪ್ಟನ್ ಕಂಡ. ತೆಳ್ಳನೆಯ, ಕಪ್ಪು ಮೈಯ ಮನುಷ್ಯ. ನೇರ ಬಂದು ಶೀನನ ಕಾಲು ನೋಡಿ, ವಕೀಲರ ಹತ್ತಿರ ಇಂಗ್ಲಿಷಿನಲ್ಲಿ ಏನೋ ಹೇಳಿದ. ಮಾಸ್ಟರು ನನಗೆ ಕನ್ನಡದಲ್ಲಿ ಹೇಳಿದರು: "ನಾವೂ ಸಣ್ಣಂದಿನಲ್ಲಿ ಬರಿಗಾಲಲ್ಲೇ ಆಡಿದವರು. ನಾವು ಬೂಟು ಬಿಚ್ಚುತ್ತೇವೆ, ಇವರೂ ಬಿಚ್ಚಲಿ, ಎಲ್ಲರೂ ಬರಿಗಾಲಲ್ಲಿ ಆಡೋಣ ಅಂತಿದ್ದಾನೆ." ಶೀನನ ಕೈ ಆಗಲೇ ಬೂಟಿನ ಲೇಸಿಗೆ ಹೋಗಿತ್ತು. ವಕೀಲರು ಕ್ಯಾಪ್ಟನ್ನಿನ ಹೆಗಲ ಮೇಲೆ ಕೈ ಇಟ್ಟು, ನಗುತ್ತಾ ತಲೆ ಅಲ್ಲಾಡಿಸಿದರು. "ಅತಿಥಿಗಳ ಬೂಟು ಬಿಚ್ಚಿಸಿದರೆ ನಾಳೆ ಪೇಪರಿನವರು ನಮ್ಮನ್ನು ಬಿಡ್ತಾರಾ?" ಎಂದು ನಮ್ಮ ಕಡೆ ತಿರುಗಿ ಹೇಳಿದರು. ರೆಫ್ರಿ ಸೀಟಿ ಊದಿದ.

ಅವನ ಆಟ ನಾನು ಹೇಗೆ ವರ್ಣಿಸಲಿ? ಓಡಲು ಹೋದರೆ ಮುಗ್ಗರಿಸುತ್ತಿದ್ದ. ಚೆಂಡು ಕಾಲಿಗೆ ಬಂದರೆ ಅದು ಎಲ್ಲಿ ತಾಗಿತೆಂದೇ ಅವನಿಗೆ ತಿಳಿಯುತ್ತಿರಲಿಲ್ಲ. ಮೊದಮೊದಲು ಜನ "ಎಂತ ಆಯ್ತು ಶೀನಾ?" ಎಂದು ಕೇಳಿದರು. ಆಮೇಲೆ ನಕ್ಕರು. ಸಿಲೋನಿನವರು ಗೋಲು ಹಾಕಿದ ಮೇಲೆ ಬೈಯಲು ಶುರು ಮಾಡಿದರು. ನನ್ನ ಹಿಂದೆ ಯಾರೋ ಒಬ್ಬ, "ಕೊಲಂಬೊದ ವಾಚು ಕಟ್ಟಿಸಿಕೊಂಡಿದ್ದಾನಲ್ಲ, ಸುಮ್ಮನೆ ಕಟ್ತಾರಾ?" ಎಂದ. ಅಷ್ಟು ಸಾಕಾಯಿತು. ಸಾಹುಕಾರರು ಸಿಲೋನಿನವರನ್ನು ಗೆಲ್ಲಿಸಲು ಶೀನನನ್ನು ಕೊಂಡುಕೊಂಡರಂತೆ ಎಂಬ ಮಾತು ಗದ್ದೆಯ ಸುತ್ತ ಒಂದು ಸುತ್ತು ಬರಲು ಹೊತ್ತು ಹಿಡಿಯಲಿಲ್ಲ. ನಾನು ತಿರುಗಿ, "ನಾಲಿಗೆಗೆ ಹುಳ ಬೀಳ್ಲಿ ನಿಮ್ಮದು!" ಎಂದು ಕಿರುಚಿದೆ. ಟೀಚರು ಎಂಬುದು ಆಗ ಯಾರಿಗೆ ನೆನಪು?

ಹಾಫ್ ಟೈಮಿನಲ್ಲಿ ಅದೇ ವಕೀಲರು ಬೆವರು ಒರೆಸಿಕೊಳ್ಳುತ್ತಾ ಓಡಿ ಬಂದರು. ಸೋಲು ಕಣ್ಣಿಗೆ ಕಂಡಾಗ ಮರ್ಯಾದೆ ಎಲ್ಲಿಗೋ ಹೋಗಿತ್ತು. "ಬಿಚ್ಚು ಮಾರಾಯ, ಬಿಚ್ಚಿ ಬಿಸಾಡು, ಬರಿಗಾಲಲ್ಲೇ ಆಡು!" ಎಂದರು. ಆದರೆ ಪಾದ ಊದಿತ್ತು, ಬೂಟು ಬರಲಿಲ್ಲ. ಇಬ್ಬರು ಗಂಡಸರು ಶೀನನ ಕಂಕುಳಿಗೆ ಕೈ ಕೊಟ್ಟು ಹಿಡಿದರು, ಇನ್ನೊಬ್ಬ ಹಿಮ್ಮಡಿ ಹಿಡಿದು ಎಳೆದ. ಶೀನ ಊಳಿಟ್ಟ. ನನ್ನ ತಮ್ಮನ ಬಾಯಿಂದ ಅಂಥ ಸ್ವರ ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಜನ ಅದಕ್ಕೂ ಚಪ್ಪಾಳೆ ತಟ್ಟಿ ನಕ್ಕರು, ಕೆಲವರು ಹಗ್ಗ ಎಳೆಯುವಾಗಿನ ನಮ್ಮ ಕೂಗನ್ನೇ ಅಣಕಿಸಿ ಕೂಗಿದರು. ಸಿಲೋನಿನ ಕ್ಯಾಪ್ಟನ್ ಮುಖ ಆ ಕಡೆ ತಿರುಗಿಸಿ ನಿಂತ. ಆಗಿನ ಆಟದಲ್ಲಿ ಒಬ್ಬನ ಬದಲು ಇನ್ನೊಬ್ಬನನ್ನು ಇಳಿಸುವ ಪದ್ಧತಿ ಇರಲಿಲ್ಲ. ಸೀಳಲು ಕತ್ತಿ ತರಲು ಓಡಿದವನು ಬರುವ ಮೊದಲೇ ರೆಫ್ರಿ ಸೀಟಿ ಊದಿದ, ಶೀನ ಅದೇ ಬೂಟಿನಲ್ಲಿ ಮತ್ತೆ ಇಳಿದ.

ಕೊನೆಯಲ್ಲಿ ಕಾರ್ಕಳದ ಹುಡುಗನೊಬ್ಬ ಚೆಂಡನ್ನು ಅವನ ಮುಂದಕ್ಕೇ ತಂದು ಕೊಟ್ಟ. ಎದುರಿಗೆ ಬರಿದೇ ಗೋಲು, ಕೀಪರ್ ಬಿದ್ದಿದ್ದ. ಶೀನ ಒದ್ದ. ಚೆಂಡು ಪಕ್ಕಕ್ಕೆ ಉರುಳಿ ಹೋಯಿತು, ಅವನು ಮುಖ ಅಡಿಯಾಗಿ ಬಿದ್ದ. ಒಂದು ಗೋಲಿನಿಂದ ಸೋತೆವು. ಬಿದ್ದವನನ್ನು ಎಬ್ಬಿಸಲು ಯಾರೂ ಹೋಗಲಿಲ್ಲ. ಸೆಗಣಿ ತೂರಿದರು, ಉಗಿದರು, ಒಬ್ಬ ಅವನ ಕೈಯ ವಾಚನ್ನು ಕಿತ್ತುಕೊಂಡ. ಅಪ್ಪ ದೂರದಲ್ಲಿ ಬದುವಿನ ಮೇಲೆ ನಿಂತಿದ್ದವರು ಜನರನ್ನು ಸೀಳಿಕೊಂಡು ಬಂದು, ಮಗನನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡರು. ಬೊಂಬಾಯಿಯವರ ಕುರ್ಚಿ ಆಗಲೇ ಖಾಲಿ.

ಎತ್ತಿನ ಗಾಡಿಯಲ್ಲಿ ಕಾಪುವಿಗೆ ತಂದೆವು. ಮೀನು ಕೊಯ್ಯುವ ಕತ್ತಿಯಿಂದ ಬಲಗಾಲಿನ ಬೂಟು ಸೀಳಿ ತೆಗೆದರು ಅಪ್ಪ. ಬೆರಳುಗಳು ನೀಲಿಗಟ್ಟಿದ್ದವು, ಚರ್ಮ ಬೂಟಿಗೇ ಅಂಟಿ ಬಂತು. ಎಡಗಾಲಿನದು ಎಣ್ಣೆ ಹಾಕಿ ಎಳೆದಾಗ ಬಂತು, ಆ ಕಾಲು ಹೇಗೋ ಉಳಿಯಿತು. ಅರಿಶಿನ ಹಚ್ಚಿದೆವು, ಸೊಪ್ಪು ಅರೆದು ಕಟ್ಟಿದೆವು. ಬೆರಳು ಕಪ್ಪಾಗಿ ವಾಸನೆ ಬರಲು ಶುರುವಾದ ಮೇಲೆ ಉಡುಪಿಯ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಡಾಕ್ಟರು ಬಲಪಾದದ ಮುಂದಿನ ಅರ್ಧ ತೆಗೆದರು. ಪ್ರಾಣ ಉಳಿದದ್ದೇ ಹೆಚ್ಚು ಎಂದರು. ಮಗ ಅಂಗಳದಲ್ಲಿ ಬಾತುಕೋಳಿಯ ಹಾಗೆ ನಡೆದದ್ದೂ ಬೂಟು ಬಿಗಿಯಾಗಿಯೇ ಎಂದು ನಂಬಿದ ಅಪ್ಪ ದಿನ ಬೆಳಗಾದರೆ ವಕೀಲರಿಗೆ ಶಾಪ ಹಾಕುತ್ತಿದ್ದರು: "ನನ್ನ ಮಗನಿಗೆ ಬೇಕೂಂತಲೇ ಸಣ್ಣ ಬೂಟು ಕೊಟ್ಟ ಪಾಪಿ." ಶೀನ ಹಾಸಿಗೆಯಲ್ಲಿ ಬಿದ್ದುಕೊಂಡು, "ಹೌದಪ್ಪ, ಸಣ್ಣದಿತ್ತು" ಎನ್ನುತ್ತಿದ್ದ. ನಾನು ಒಲೆಯ ಮುಂದೆ ತುಟಿ ಕಚ್ಚಿಕೊಂಡು ಕೂರುತ್ತಿದ್ದೆ.

ಶೀನ ಕೋಲು ಹಿಡಿದು ಎದ್ದು ನಿಲ್ಲುವಷ್ಟಾದಾಗ ಕಮಿಟಿಯ ಗುಮಾಸ್ತ ಬಂದ. ಎಂತಕ್ಕೆ ಗೊತ್ತುಂಟಾ? ಬೂಟು ವಾಪಸು ಕೇಳಲು! ಎಲ್ಲರದೂ ಬಂತು, ಇವನದು ಮಾತ್ರ ಬಾಕಿಯಂತೆ. ಅಪ್ಪ ಸೀಳಿದ ಬೂಟನ್ನೂ ಸೀಳದ ಬೂಟನ್ನೂ ಅವನ ಕಾಲ ಬುಡಕ್ಕೆ ಎಸೆದು, "ನಿಮ್ಮ ವಕೀಲರಿಗೆ ಕೊಡಿ, ಕುತ್ತಿಗೆಗೆ ಕಟ್ಟಿಕೊಳ್ಳಲಿ" ಎಂದರು.

ಗುಮಾಸ್ತ ಬೂಟು ಎತ್ತಿ ಬಡಿದು ನೋಡಿದ. ಮೂಸಿ ನೋಡಿದ. "ಇದೆಂತ ಗುರಿಕಾರರೇ, ಇದನ್ನು ಬೇಯಿಸಿದ್ದು ಯಾರು? ಚರ್ಮ ಬಿಸಿನೀರು ಕಂಡರೆ ಮುದುಡಿ ಮರ ಆಗ್ತದೆ ಅಂತ ಮಕ್ಕಳಿಗೂ ಗೊತ್ತುಂಟು" ಎಂದ.

"ನಾನು. ನಾನೇ ಬೇಯಿಸಿದ್ದು" ಎಂದ ಶೀನ ಒಳಗಿನಿಂದ.

ಅಪ್ಪ ಅವನ ಕಡೆ ನೋಡಿದರು. ಆಮೇಲೆ ನನ್ನ ಕಡೆ. ನನ್ನ ಮುಖದಲ್ಲಿ ಉತ್ತರ ಸಿಕ್ಕಿರಬೇಕು. "ಅವನಲ್ಲ. ಚೊಗರು ಹಾಕಿದ್ದು ನಾನು" ಎಂದು ಗುಮಾಸ್ತನಿಗೆ ಹೇಳಿದರು.

"ಬೂಟು ಎಂತ ಬಂಗುಡೆ ಬಲೆಯಾ!" ಗುಮಾಸ್ತ ಹೊಟ್ಟೆ ಹಿಡಿದು ನಕ್ಕ. ಆ ನಗು ಅವನೊಂದಿಗೆ ಉಡುಪಿಗೆ ಹೋಯಿತು, ಅಲ್ಲಿಂದ ಕಾರ್ಕಳದ ಪೇಟೆಗೂ ಹೋಯಿತು. ಮೀನು ಮಾರಲು ಹೋದ ನಮ್ಮ ಹೆಂಗಸರನ್ನು ಪೇಟೆಯವರು ನಿಲ್ಲಿಸಿ, "ನಿಮ್ಮ ಗುರಿಕಾರರು ಟೊಪ್ಪಿಗೂ ಚೊಗರು ಹಾಕ್ತಾರಾ?" ಎಂದು ಕೇಳಿದರು. ಹೆಂಗಸರು ಅದನ್ನು ಕೇರಿಗೆ ತಂದರು. ತೀರ್ಪಿಗೆ ಬಂದವರು ಅಪ್ಪನ ಮಾತಿಗೆ ಎದುರಾಡಲು ಶುರು ಮಾಡಿದರು. ಮಗನ ಕಾಲು ಕಳೆದವನು ಊರು ನೋಡಿಕೊಳ್ಳುತ್ತಾನಂತೆ ಎಂದು ಒಬ್ಬ ಎದುರಿಗೇ ಆಡಿಬಿಟ್ಟ. ಅಪ್ಪ ಅಂದಿನಿಂದ ಶೀನನ ಜೊತೆ ಮಾತು ಬಿಟ್ಟರು. ಸಿಟ್ಟಾ, ನಾಚಿಕೆಯಾ, ನನಗೆ ಇವತ್ತಿಗೂ ಗೊತ್ತಿಲ್ಲ. ಅವನ ತಟ್ಟೆಗೆ ಮಾತ್ರ ದೊಡ್ಡ ಮೀನೇ ಬೀಳಬೇಕು, ಅದನ್ನೂ ನನ್ನ ಕೈಯಲ್ಲೇ ಹಾಕಿಸುತ್ತಿದ್ದರು.

ಮಳೆಗಾಲ ಕಳೆದು ಮತ್ತೆ ರಂಪಣಿ ಇಳಿಯಿತು. ಬಲೆ ತುಂಬಾ ಬಂಗುಡೆ, ಕಡಲೇ ಬೆಳ್ಳಗೆ ಕಾಣುತ್ತಿತ್ತು. ಶೀನ ಕೋಲು ಬಿಸಾಡಿ ಹಗ್ಗಕ್ಕೆ ಕೈ ಹಾಕಿದ. ಹಗ್ಗ ಎಳೆಯುವವನ ಬಲ ತೋಳಲ್ಲಿಲ್ಲ, ಮರಳಿಗೆ ಊರುವ ಬೆರಳಲ್ಲಿ. ಅವನು ಜಾರಿ ಬಿದ್ದ. ಎದ್ದು ಹಿಡಿದ, ಮತ್ತೆ ಬಿದ್ದ, ಹಿಂದಿನವನೂ ಅವನ ಮೇಲೆ ಎಡವಿ ಸಾಲೇ ತಪ್ಪಿತು. ಎಲ್ಲರೂ ಅಪ್ಪನ ಮುಖ ನೋಡಿದರು.

"ಹಗ್ಗ ಬಿಡು" ಎಂದರು ಅಪ್ಪ. ಅಷ್ಟು ತಿಂಗಳ ನಂತರ ಅವನಿಗೆ ಆಡಿದ ಮೊದಲ ಮಾತು.

ಹಗ್ಗ ಹಿಡಿದವರಿಗೆ ಪಾಲು. ಹಿಡಿಯಲಾರದವರಿಗೆ, ಅಂದರೆ ಗಂಡ ಸತ್ತವರಿಗೆ, ಕಣ್ಣು ಕಾಣದವರಿಗೆ, ರಾಶಿಯಿಂದ ತಲೆಗೊಂದು ಬೊಗಸೆ. ಅದು ನಮ್ಮ ಕೇರಿಯ ಕ್ರಮ, ಹಂಚುವುದು ಗುರಿಕಾರರ ಕೈ. ಮೀನು ಹಂಚುವ ಹೊತ್ತಿಗೆ ಶೀನ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡ. "ಎಲ್ಲಿಗಾ? ಮನೆಗೆ ಹೋಗುವ ಬಾ" ಎಂದೆ. "ತಿನ್ನುವ ಬಾಯಿ ನನಗೂ ಉಂಟಲ್ಲ ಅಕ್ಕ" ಎಂದು ಹೆಂಗಸರ ಸಾಲಿನಲ್ಲಿ ಹೋಗಿ ನಿಂತ. ಇಪ್ಪತ್ತು ದಾಟಿದ ಹುಡುಗ, ಎಲ್ಲ ಮುದುಕಿಯರ ನಡುವೆ ಒಂದು ತಲೆ ಎತ್ತರ. ಕೇರಿಯ ಗಂಡಸರು ತಮ್ಮ ಪಾಲು ಕಟ್ಟಿಕೊಳ್ಳುವುದನ್ನು ಬಿಟ್ಟು ನೋಡುತ್ತಾ ನಿಂತರು.

ಶೀನನ ಸರದಿ ಬಂತು. ಅಪ್ಪ ಅವನ ಮುಖ ನೋಡಲಿಲ್ಲ. ಎರಡು ಕೈ ಕೂಡಿಸಿ ರಾಶಿಯಿಂದ ಬೊಗಸೆ ತುಂಬಿ ಅವನ ಬುಟ್ಟಿಗೆ ಹಾಕಿದರು. ಹಿಂದೆ ನಿಂತಿದ್ದ ಮುದುಕಿಯೊಬ್ಬಳು ತಡೆಯಲಾರದೆ, "ನಿಮ್ಮದೇ ಮಗ ಅಲ್ವಾ ಗುರಿಕಾರರೇ, ಇನ್ನೊಂದು ಬೊಗಸೆ ಹಾಕಿ" ಎಂದಳು.

ಅಪ್ಪ ಬುಟ್ಟಿಯನ್ನು ನೋಡಿದರು, ಸುತ್ತ ನಿಂತ ಗಂಡಸರನ್ನು ನೋಡಿದರು. ಬಗ್ಗಿ, ಶೀನನ ಬುಟ್ಟಿಯಿಂದ ಎರಡು ಮೀನು ತೆಗೆದು ರಾಶಿಗೆ ಹಿಂದಕ್ಕೆ ಹಾಕಿದರು.

"ಹೆಚ್ಚು ಬಿದ್ದಿತ್ತು. ಮುಂದೆ ಯಾರು?" ಎಂದರು.